ಎಲ್ಲಾ ಸ್ಪೀಕರೂ ಸದ್ದು ಮಾಡಿದ ಮಾತ್ರಕ್ಕೆ ಅದು ಸರೌಂಡ್ ಆಗಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ವಾರದ ಪುರವಣಿಯಲ್ಲಿ ಹೋಂ ಥಿಯೇಟರ್ ಬಗ್ಗೆ ಬಂದಿದ್ದ ಲೇಖನ ಓದಿದೆ, ಸ್ಪೀಕರ್ ಎಲ್ಲಿಡ್ಬೇಕು, ಸಬ್‌ವೂಫರ್ ಮೂಲೆಗೆ ತಳ್ಳಿದ್ರೆ ಏನಾಗುತ್ತೆ ಅನ್ನೋದೆಲ್ಲ ಚೆನ್ನಾಗೇ ಬರೆದಿದ್ದಾರೆ, ಅದರ ಬಗ್ಗೆ ನನ್ನದೇನೂ ತಕರಾರಿಲ್ಲ. ಆದ್ರೆ ಕೊನೇಲಿ ರಿಸೀವರ್‌ನ, ಅಂದ್ರೆ ಸದ್ದನ್ನ ಸ್ಪೀಕರ್‌ಗಳಿಗೆ ಹಂಚೋ ಪೆಟ್ಟಿಗೆಯ, ಸೌಂಡ್ ಮೋಡ್ ವಿಷಯಕ್ಕೆ ಬಂದಾಗ ಮಾತ್ರ, ಎಲ್ಲಾ ಸ್ಪೀಕರ್‌ನಿಂದಲೂ ಸದ್ದು ಬರೋ ಮೋಡ್ ಹಾಕಿ ಹಾಗೇ ಬಿಟ್ಟುಬಿಡಿ, ಕಾಸು ಕೊಟ್ಟಿದ್ದಕ್ಕೆ ಮೋಸ ಇಲ್ಲ ಅನ್ನೋ ಅರ್ಥದಲ್ಲಿ ಒಂದೇ ಸಾಲಲ್ಲಿ ಮುಗಿಸಿಬಿಟ್ಟಿದ್ದಾರೆ. ಅದನ್ನ ಓದಿ ಸುಮ್ಮನಿರೋಕೆ ಆಗ್ಲಿಲ್ಲ, ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತೆ, ಕತ್ತರಿ ಹಾಕೋದಿದ್ರೆ ಹಾಕಿ, ಆದ್ರೆ ಟೀವಿ ಸೆಟ್ಟಿಂಗ್ ಬಗ್ಗೆ ಬರೆದಿರೋದನ್ನ ಮಾತ್ರ ದಯವಿಟ್ಟು ಉಳಿಸಿ.

ಮೊದಲನೇದಾಗಿ ರಿಮೋಟ್‌ನಲ್ಲಿ ಆ ಒಂದು ಬಟನ್ ಒತ್ತುತ್ತಾ ಹೋದ್ರೆ ಸಾಲಾಗಿ ಬರ್ತವಲ್ಲ ಹೆಸರುಗಳು, ಡಾಲ್ಬಿ ಡಿಜಿಟಲ್, ಡಿಟಿಎಸ್, ಡಾಲ್ಬಿ ಸರೌಂಡ್, ನ್ಯೂರಲ್ ಎಕ್ಸ್, ಮಲ್ಟಿ ಚಾನೆಲ್ ಸ್ಟೀರಿಯೋ, ಜಾಝ್ ಕ್ಲಬ್, ರಾಕ್ ಅರೀನಾ, ಡೈರೆಕ್ಟ್, ಇವೆಲ್ಲ ಒಂದೇ ಜಾತಿಯವಲ್ಲ. ಕೆಲವು ಬರೀ ಡಿಕೋಡ್ ಮಾಡ್ತವೆ, ಅಂದ್ರೆ ಸಿನಿಮಾ ಮಿಕ್ಸ್ ಮಾಡಿದವರು ಯಾವ ಚಾನೆಲ್‌ಗೆ (ಒಂದೊಂದು ಸ್ಪೀಕರ್‌ಗೆ ಅಂತ ಇರೋ ಸದ್ದಿನ ಹಾದಿಗೆ) ಏನು ಹಾಕಿದ್ದಾರೋ ಅದನ್ನ ಬಿಚ್ಚಿ ಆಯಾ ಸ್ಪೀಕರ್‌ಗೆ ಕೊಡ್ತವೆ ಅಷ್ಟೆ, ತಮ್ಮದೇನೂ ಸೇರಿಸಲ್ಲ. ಇನ್ನು ಕೆಲವು ಅಪ್‌ಮಿಕ್ಸ್ ಮಾಡ್ತವೆ, ಬಂದಿರೋದು ಎರಡೇ ಚಾನೆಲ್ ಆದ್ರೂ ಅದರಲ್ಲಿ ಯಾವುದು ನಡುವಿಂದು ಯಾವುದು ಸುತ್ತಲಿಂದು ಅಂತ ಲೆಕ್ಕ ಹಾಕಿ ಐದು, ಏಳು, ಒಂಬತ್ತು ಸ್ಪೀಕರ್‌ಗೆ ಹಂಚ್ತವೆ. ಮೂರನೇ ಗುಂಪು ಎಫೆಕ್ಟ್‌ಗಳದ್ದು, ಇಲ್ಲದ ಪ್ರತಿಧ್ವನಿಯನ್ನ ರಿಸೀವರೇ ಹುಟ್ಟಿಸಿ ಸೇರಿಸುತ್ತೆ. ಕಂಪನಿಯವರು ಈ ಮೂರನ್ನೂ ಕಲಸಿ ಮೂವಿ, ಮ್ಯೂಸಿಕ್, ಗೇಮ್ ಅಂತ ಗುಂಡಿ ಮಾಡಿಟ್ಟಿರೋದ್ರಿಂದ ಜನಕ್ಕೆ ವ್ಯತ್ಯಾಸ ಗೊತ್ತಾಗಲ್ಲ, ಸಿನಿಮಾ ನೋಡ್ತಿದ್ದೀನಿ ಮೂವಿ ಒತ್ತಿದೆ ಅಂತಾರೆ, ಆದ್ರೆ ಆ ಮೂವಿ ಗುಂಡಿಯ ಒಳಗೇ ಮತ್ತೆ ನಾಕೈದು ಮೋಡ್ ಇರುತ್ತೆ, ಕೊನೇ ಸಲ ಯಾವುದರಲ್ಲಿ ಬಿಟ್ಟಿದ್ರೋ ಅದು ಬಂದು ಕೂತಿರುತ್ತೆ.

ಹಾಗಾಗಿ ಮೋಡ್ ಆರಿಸೋಕೆ ಮುಂಚೆ ನೋಡ್ಬೇಕಾದ್ದು ಬೇರೆ ಇದೆ, ರಿಸೀವರ್ ಒಳಗೆ ಬರ್ತಿರೋದು ಏನು ಅಂತ. ಇದನ್ನ ಯಾರೂ ನೋಡೋದೇ ಇಲ್ಲ. ಹೆಚ್ಚಿನ ರಿಸೀವರ್‌ಗಳಲ್ಲಿ ಇನ್‌ಫೋ ಅಂತಲೋ ಸ್ಟೇಟಸ್ ಅಂತಲೋ ಒಂದು ಬಟನ್ ಇರುತ್ತೆ, ಒತ್ತಿದ್ರೆ ಇನ್‌ಪುಟ್ ಸಿಗ್ನಲ್ ತೋರಿಸುತ್ತೆ. 2/0 ಅಂತಿದ್ರೆ ಮುಂದೆ ಎರಡು ಚಾನೆಲ್, ಹಿಂದೆ ಏನಿಲ್ಲ, ಅಂದ್ರೆ ಸ್ಟೀರಿಯೋ. 3/2/.1 ಅಂತಿದ್ರೆ ಮುಂದೆ ಮೂರು, ಹಿಂದೆ ಎರಡು, ಜೊತೆಗೆ ಕೆಳಗಿನ ಗುಡುಗುಡು ಸದ್ದಿಗೆ ಮೀಸಲಾದ ಎಲ್‌ಎಫ್‌ಇ, ಅದೇ 5.1. ಕೆಲವು ಮಾಡೆಲ್‌ನಲ್ಲಿ ನಂಬರ್ ಬದಲು ಚಿಕ್ಕ ಚಿಕ್ಕ ಚೌಕ ಇರುತ್ತೆ, ಯಾವ್ಯಾವ ಚಾನೆಲ್ ಒಳಗೆ ಬರ್ತಿದೆಯೋ ಆ ಚೌಕ ಮಾತ್ರ ಬೆಳಗುತ್ತೆ. ಅದರ ಪಕ್ಕದಲ್ಲೇ ಔಟ್‌ಪುಟ್ ಚೌಕಗಳೂ ಇರ್ತವೆ, ಒಳಗೆ ಎರಡು, ಹೊರಗೆ ಏಳು ಅಂತ ತೋರಿಸಿದ್ರೆ ಉಳಿದ ಐದು ರಿಸೀವರ್‌ನ ಊಹೆ ಅಂತ ಅರ್ಥ. ಊಹೆ ಅಂದ ಮಾತ್ರಕ್ಕೆ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ, ಊಹೆ ಯಾವುದು ಅಸಲಿ ಯಾವುದು ಅಂತ ಗೊತ್ತಿರ್ಲಿ ಅಂತಷ್ಟೇ.

ಈಗ ಟೀವಿ ವಿಷಯ. ನಾನು ನೋಡಿರೋ ಮನೆಗಳಲ್ಲಿ ಅರ್ಧಕ್ಕರ್ಧ ಜನ 5.1 ಕೇಳ್ತಿದ್ದೀವಿ ಅಂದ್ಕೊಂಡು ಕೇಳ್ತಿರೋದು ಸ್ಟೀರಿಯೋನೇ, ಕಾರಣ ಟೀವಿಯ ಡಿಜಿಟಲ್ ಆಡಿಯೋ ಔಟ್‌ಪುಟ್ ಸೆಟ್ಟಿಂಗ್ ಪಿಸಿಎಂನಲ್ಲಿ (ಆಗಲೇ ಬಿಚ್ಚಿದ ಡಿಜಿಟಲ್ ಸದ್ದು) ಇರೋದು. ಆ್ಯಪ್ ಟೀವಿ ಒಳಗೇ ಓಡುತ್ತೆ, ಅಲ್ಲಿ 5.1 ಬರುತ್ತೆ, ಟೀವಿ ಅದನ್ನ ತಾನೇ ಬಿಚ್ಚಿ ಎರಡು ಚಾನೆಲ್‌ಗೆ ಇಳಿಸಿ ರಿಸೀವರ್‌ಗೆ ಕಳಿಸುತ್ತೆ, ರಿಸೀವರ್ ಪಾಪ ಆ ಎರಡನ್ನ ಮತ್ತೆ ಐದು ಮಾಡೋಕೆ ಒದ್ದಾಡುತ್ತೆ. ಹೀಗೆ ಇಳಿಸೋವಾಗ ಏನಾಗುತ್ತೆ ಗೊತ್ತಾ, ನಡುವಿನ ಚಾನೆಲ್‌ನ ಮಾತನ್ನ 3 ಡೆಸಿಬಲ್ ಕಮ್ಮಿ ಮಾಡಿ ಎಡಕ್ಕೂ ಬಲಕ್ಕೂ ಬೆರೆಸ್ತಾರೆ, ಹಿಂದಿನ ಚಾನೆಲ್‌ಗಳನ್ನೂ ತಗ್ಗಿಸಿ ಅಲ್ಲಿಗೇ ಸುರೀತಾರೆ, ಎಲ್‌ಎಫ್‌ಇ ಚಾನೆಲ್ ಅನ್ನ ಸಾಮಾನ್ಯವಾಗಿ ಬಿಟ್ಟೇ ಬಿಡ್ತಾರೆ. ಆಮೇಲೆ ಸಬ್‌ವೂಫರ್‌ನಲ್ಲಿ ದಮ್ಮೇ ಇಲ್ಲ ಅಂತ ಬೈಕೊಂಡು ಅದರ ವಾಲ್ಯೂಮ್ ತಿರುಗಿಸ್ತಾ ಕೂರೋದು. ಸ್ಫೋಟದ ಸದ್ದು ದಾರೀಲೇ ಬಿದ್ದುಹೋಗಿದೆ ಸಾರ್, ಸಬ್‌ವೂಫರ್ ಏನು ಮಾಡುತ್ತೆ ಪಾಪ.

ಪರಿಹಾರ ಸುಲಭ, ಟೀವಿಯ ಸೌಂಡ್ ಮೆನುಗೆ ಹೋಗಿ ಔಟ್‌ಪುಟ್ ಅನ್ನ ಪಾಸ್ ಥ್ರೂ ಅಥವಾ ಬಿಟ್‌ಸ್ಟ್ರೀಮ್ ಅಥವಾ ಆಟೋ, ಯಾವ ಹೆಸರಿದೆಯೋ ಅದಕ್ಕೆ ಹಾಕೋದು, ಆಗ ಟೀವಿ ಸದ್ದನ್ನ ಬಿಚ್ಚದೆ ರಿಸೀವರ್‌ಗೆ ಕಳಿಸುತ್ತೆ. ಪಾಸ್ ಥ್ರೂ ಇದ್ರೆ ಅದೇ ಒಳ್ಳೇದು. ಕೇಬಲ್ ವಿಷಯದಲ್ಲೂ ಸ್ವಲ್ಪ ಗಮನ ಬೇಕು, ಆಪ್ಟಿಕಲ್ ಕೇಬಲ್‌ನಲ್ಲಿ ಎರಡು ಚಾನೆಲ್ ಪಿಸಿಎಂ ಇಲ್ಲಾಂದ್ರೆ ಹಳೇ ಡಾಲ್ಬಿ ಡಿಜಿಟಲ್, ಡಿಟಿಎಸ್ 5.1 ಇಷ್ಟೇ ಹೋಗೋದು, ಡಾಲ್ಬಿ ಡಿಜಿಟಲ್ ಪ್ಲಸ್ ಕೂಡ ಹೋಗಲ್ಲ. ಎಚ್‌ಡಿಎಂಐನ ಎಆರ್‌ಸಿ, ಅಂದ್ರೆ ಟೀವಿಯ ಸದ್ದನ್ನ ರಿಸೀವರ್‌ಗೆ ವಾಪಸ್ ಕಳಿಸೋ ಕಿಂಡಿ, ಆದ್ರೆ ಡಾಲ್ಬಿ ಡಿಜಿಟಲ್ ಪ್ಲಸ್ ದಾಟುತ್ತೆ, ಆ್ಯಪ್‌ಗಳ ಅಟ್ಮಾಸ್ (ತಲೆ ಮೇಲಿಂದಲೂ ಸದ್ದು ಕೇಳಿಸೋ ಡಾಲ್ಬಿ ಪದ್ಧತಿ) ಬರೋದು ಅದರ ಬೆನ್ನೇರಿಯೇ. ಅದರ ಸುಧಾರಿತ ರೂಪ ಇಎಆರ್‌ಸಿ ಆದ್ರೆ ಬ್ಲೂರೇ ಡಿಸ್ಕ್‌ನ ಟ್ರೂ ಎಚ್‌ಡಿ, ಡಿಟಿಎಸ್ ಎಚ್‌ಡಿ ಮಾಸ್ಟರ್ ಆಡಿಯೋ ತನಕ ಎಲ್ಲ ದಾಟುತ್ತೆ, ಟೀವಿ ಅದಕ್ಕೆ ಒಪ್ಪಬೇಕು ಅಷ್ಟೆ. ಕೆಲವು ಟೀವಿಗಳು ಡಿಟಿಎಸ್ ಅನ್ನ ದಾಟಿಸೋದೇ ಇಲ್ಲ, ಅಂಥ ಕಡೆ ಪ್ಲೇಯರ್ ಅನ್ನ ನೇರ ರಿಸೀವರ್‌ಗೆ ಹಾಕಿ ಅಲ್ಲಿಂದ ಟೀವಿಗೆ ಚಿತ್ರ ಕಳಿಸೋದು ವಾಸಿ. ಬ್ಲೂರೇ ಪ್ಲೇಯರ್‌ನಲ್ಲಿ ಇನ್ನೊಂದು ಕಿತಾಪತಿ ಇದೆ, ಸೆಕೆಂಡರಿ ಆಡಿಯೋ ಅಥವಾ ಬಿಡಿ ಆಡಿಯೋ ಮಿಕ್ಸ್ ಅಂತ ಒಂದು ಸೆಟ್ಟಿಂಗ್ ಇರುತ್ತೆ, ಅದು ಆನ್ ಇದ್ರೆ ಮೆನು ಸದ್ದು ಬೆರೆಸೋಕೋಸ್ಕರ ಪ್ಲೇಯರ್ ಮುಖ್ಯ ಟ್ರ್ಯಾಕನ್ನೇ ಬಿಚ್ಚಿ ಕಲಸಿ ಕಳಿಸುತ್ತೆ, ಅಟ್ಮಾಸ್ ಅಲ್ಲಿಗೆ ಮಾಯ. ಅದನ್ನ ಆಫ್ ಮಾಡಿ ಬಿಟ್‌ಸ್ಟ್ರೀಮ್‌ಗೆ ಹಾಕ್ಬೇಕು.

ಇಷ್ಟು ಸರಿಯಾದ ಮೇಲೆ ಮೋಡ್ ಆರಿಸೋ ಕೆಲಸ ಮುಕ್ಕಾಲು ಪಾಲು ತಾನಾಗೇ ಮುಗಿಯುತ್ತೆ. ಒಳಗೆ 5.1 ಅಥವಾ 7.1 (ಹಿಂಬದಿಗೆ ಇನ್ನೊಂದು ಜೋಡಿ ಜಾಸ್ತಿ) ಅಥವಾ ಅಟ್ಮಾಸ್ ಬರ್ತಿದ್ರೆ ಅದನ್ನ ಮುಟ್ಟಬೇಡಿ. ಯಮಾಹಾದಲ್ಲಿ ಸ್ಟ್ರೈಟ್ ಅಂತಾರೆ, ಡೆನಾನ್ ಮರಾಂಟ್ಜ್‌ಗಳಲ್ಲಿ ಆಟೋ ಅಂತಿದೆ, ಬೇರೆ ಕಡೆ ಬೇರೆ ಹೆಸರು, ಬಂದದ್ದು ಬಂದ ಹಾಗೇ ಹೋಗ್ಲಿ ಅನ್ನೋ ಮೋಡ್ ಅದು. ಮಿಕ್ಸಿಂಗ್ ಕೋಣೇಲಿ ಕೂತವರು ಈ ಬಾಗಿಲ ಸದ್ದು ಎಡಗಡೆ ಹಿಂದೆ ಬರ್ಬೇಕು, ಈ ಮಾತು ನಡುವಲ್ಲೇ ಇರ್ಬೇಕು ಅಂತ ಒಂದೊಂದನ್ನೂ ಎಣಿಸಿ ಇಟ್ಟಿರ್ತಾರೆ, ಅದರ ಮೇಲೆ ನಮ್ಮದೊಂದು ಹಾಲ್ ಎಫೆಕ್ಟ್ ಹೇರೋದು ಯಾವ ಸುಖಕ್ಕೆ. ಆಗ ಜನ ಕೇಳೋ ಪ್ರಶ್ನೆ ಒಂದೇ, ಹಿಂದಿನ ಸ್ಪೀಕರ್ ಸುಮ್ಮನಿದೆಯಲ್ಲ, ಕೆಟ್ಟಿದೆಯಾ ಅಂತ. ಕೆಟ್ಟಿಲ್ಲ. ಇಬ್ಬರು ಒಂದು ಕೋಣೇಲಿ ಕೂತು ಮಾತಾಡೋ ದೃಶ್ಯದಲ್ಲಿ ಹಿಂದಿನ ಸ್ಪೀಕರ್‌ಗೆ ಏನು ಕೆಲಸ, ಸಣ್ಣಗೆ ಫ್ಯಾನ್ ಸದ್ದು ಇದ್ರೆ ಹೆಚ್ಚು. ಮಳೆ ಬರ್ಲಿ, ಸಂತೆ ದೃಶ್ಯ ಬರ್ಲಿ, ಆಗ ನೋಡಿ. ಹಾಗೇ 7.1 ಇರೋರ ಮನೇಲಿ 5.1 ಟ್ರ್ಯಾಕ್ ಹಾಕಿದ್ರೆ ಸ್ಟ್ರೈಟ್‌ನಲ್ಲಿ ಹಿಂಬದಿಯ ಜೋಡಿ ಪೂರ್ತಿ ಮೌನ, ಅದೂ ದೋಷ ಅಲ್ಲ. ಅಲ್ಲಿ ಬೇಕಾದ್ರೆ ಡಾಲ್ಬಿ ಸರೌಂಡ್ ಅನ್ನೋ ಅಪ್‌ಮಿಕ್ಸ್ ಮೋಡ್ ಹಾಕಿ ಅದನ್ನ ಏಳಕ್ಕೆ ಹಿಗ್ಗಿಸಬಹುದು, ಎತ್ತರದ ಸ್ಪೀಕರ್ ಇದ್ರೆ ಅಲ್ಲಿಗೂ ಸ್ವಲ್ಪ ಏರಿಸುತ್ತೆ, ಇದರಲ್ಲಿ ನನಗೇನೂ ಮಡಿವಂತಿಕೆ ಇಲ್ಲ. ಮುಂದಿನ ಮೂರು ಚಾನೆಲ್‌ನ ಮಾತು ಅಲ್ಲೇ ಗಟ್ಟಿಯಾಗಿ ನಿಂತಿದ್ರೆ ಸಾಕು.

ನಿಜವಾಗ್ಲೂ ಯೋಚನೆ ಬೇಕಾಗೋದು ಎರಡೇ ಚಾನೆಲ್ ಬಂದಾಗ. ಹಳೇ ಸಿನಿಮಾ, ಸುದ್ದಿ, ಮ್ಯಾಚು, ಹಾಡು, ಯೂಟ್ಯೂಬ್ ವಿಡಿಯೋ, ದಿನಾ ಕೇಳೋದರಲ್ಲಿ ಹೆಚ್ಚಿನ ಪಾಲು ಇದೇ ಅಲ್ವಾ. ಇಲ್ಲಿ ಅಪ್‌ಮಿಕ್ಸ್ ಹೇಗೆ ಕೆಲಸ ಮಾಡುತ್ತೆ ಅಂತ ಒಂಚೂರು ಗೊತ್ತಿದ್ರೆ ಯಾವಾಗ ಹಾಕ್ಬೇಕು ಯಾವಾಗ ತೆಗೀಬೇಕು ಅಂತ ಯಾರನ್ನೂ ಕೇಳ್ಬೇಕಾಗಿಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಬರೀತಿದ್ದೀನಿ. 1970ರ ದಶಕದ ನಡುವಲ್ಲಿ ಡಾಲ್ಬಿಯವರು ಥಿಯೇಟರ್‌ಗೆ ಡಾಲ್ಬಿ ಸ್ಟೀರಿಯೋ ತಂದಾಗ ಫಿಲ್ಮ್ ಅಂಚಲ್ಲಿ ಇದ್ದ ಜಾಗ ಎರಡು ಟ್ರ್ಯಾಕ್‌ಗೆ ಮಾತ್ರ, ಬೇಕಾಗಿದ್ದು ನಾಲ್ಕು ಚಾನೆಲ್, ಎಡ, ನಡು, ಬಲ ಮತ್ತೆ ಸುತ್ತಲಿಂದು. ಆಗ ಮಾಡಿದ ಉಪಾಯ ಅಂದ್ರೆ ನಡುವಿನ ಸದ್ದನ್ನ ಎರಡೂ ಟ್ರ್ಯಾಕ್‌ಗೆ ಒಂದೇ ಸಮ ಹಾಕೋದು, ಸುತ್ತಲಿನ ಸದ್ದನ್ನ ಒಂದರಲ್ಲಿ ಸೀದಾ ಇನ್ನೊಂದರಲ್ಲಿ ಉಲ್ಟಾ ಫೇಸ್‌ನಲ್ಲಿ, ಅಂದ್ರೆ ಅಲೆಯ ಏರಿಳಿತ ತಿರುಗಿಸಿ, ಹಾಕೋದು. ಬಿಚ್ಚೋವಾಗ ಎರಡರಲ್ಲೂ ಒಂದೇ ಥರ ಇರೋದು ನಡುವಿಗೆ, ಒಂದಕ್ಕೊಂದು ಉಲ್ಟಾ ಇರೋದು ಹಿಂದಕ್ಕೆ. ಇಷ್ಟೇ ಗುಟ್ಟು. ಮನೆಗೆ ಇದು 1982ರಲ್ಲಿ ಡಾಲ್ಬಿ ಸರೌಂಡ್ ಅಂತ ಬಂತು, 1987ರಲ್ಲಿ ಪ್ರೋ ಲಾಜಿಕ್ ಅನ್ನೋ ಸುಧಾರಿತ ಡಿಕೋಡರ್ ಬಂದು ನಡುವಿನ ಸ್ಪೀಕರ್‌ಗೆ ಜೀವ ಬಂತು, ಆದ್ರೆ ಹಿಂದಿನ ಚಾನೆಲ್ ಇನ್ನೂ ಮೋನೋನೇ, 7 ಕಿಲೋಹರ್ಟ್ಸ್‌ಗಿಂತ ಮೇಲಿನ ಸದ್ದೂ ಇರ್ಲಿಲ್ಲ, ಹಿಂದೆ ಎರಡು ಸ್ಪೀಕರ್ ಇಟ್ರೂ ಎರಡರಲ್ಲೂ ಅದೇ ಮಂಕು ಸದ್ದು. 2000ದಲ್ಲಿ ಜಿಮ್ ಫಾಸ್ಗೇಟ್ ಅನ್ನೋ ಇಂಜಿನಿಯರ್ ಕೆಲಸದಿಂದ ಪ್ರೋ ಲಾಜಿಕ್ 2 ಬಂದ ಮೇಲೆ ಹಿಂದಿನದೂ ಸ್ಟೀರಿಯೋ ಆಯ್ತು, ಪೂರ್ತಿ ಸದ್ದು ಬಂತು, ಮೂವಿಗೊಂದು ಮ್ಯೂಸಿಕ್‌ಗೊಂದು ಬೇರೆ ಬೇರೆ ಮೋಡೂ ಆಯ್ತು. 2014ರಲ್ಲಿ ಅಟ್ಮಾಸ್ ಮನೆಗೆ ಬಂದಾಗ ಹಳೇ ಡಾಲ್ಬಿ ಸರೌಂಡ್ ಅನ್ನೋ ಹೆಸರನ್ನೇ ಹೊಸ ಅಪ್‌ಮಿಕ್ಸರ್‌ಗೆ ಇಟ್ರು. ಇದು ಒಟ್ಟು ಸದ್ದನ್ನ ಒಂದೇ ಮುದ್ದೆ ಅಂತ ನೋಡದೆ ಬೇರೆ ಬೇರೆ ಫ್ರೀಕ್ವೆನ್ಸಿ ಪಟ್ಟಿಗಳಾಗಿ ಸೀಳಿ ಒಂದೊಂದಕ್ಕೂ ಬೇರೆ ಲೆಕ್ಕ ಹಾಕುತ್ತೆ, ಹಾಗಾಗಿ ಮಾತು ನಡುವಲ್ಲಿ ನಿಂತಾಗಲೇ ಮಳೆ ಸದ್ದು ಹಿಂದೆ ಇರೋಕೆ ಸಾಧ್ಯ ಆಗುತ್ತೆ.

ಇದನ್ನ ಕೇಳಿ ನೋಡೋಕೆ ಮ್ಯಾಚ್‌ಗಿಂತ ಒಳ್ಳೇ ಸಾಮಾನು ಇಲ್ಲ. ಸ್ಟೀರಿಯೋದಲ್ಲಿ ಬರೋ ಯಾವುದಾದ್ರೂ ಮ್ಯಾಚ್ ಹಾಕಿ, ಮೊದಲು ಸ್ಟೀರಿಯೋ ಮೋಡ್‌ನಲ್ಲಿ ಕೇಳಿ, ಕಾಮೆಂಟ್ರಿಯವನೂ ಜನರ ಗಲಾಟೆನೂ ಎಲ್ಲ ಮುಂದೇನೇ, ನೀವು ಸೋಫಾದ ತುದೀಲಿ ಕೂತಿದ್ರಂತೂ ಕಾಮೆಂಟ್ರಿ ನಿಮ್ಮ ಹತ್ತಿರದ ಸ್ಪೀಕರ್‌ಗೆ ಓಡಿ ಬಂದಿರುತ್ತೆ, ಟೀವಿ ಅಲ್ಲಿ ದನಿ ಇಲ್ಲಿ. ಈಗ ಡಾಲ್ಬಿ ಸರೌಂಡ್‌ಗೆ ಹಾಕಿ. ಕಾಮೆಂಟ್ರಿ ಎರಡೂ ಟ್ರ್ಯಾಕ್‌ನಲ್ಲಿ ಒಂದೇ ಸಮ ಇರೋದ್ರಿಂದ ಸೀದಾ ನಡುವಿನ ಸ್ಪೀಕರ್‌ಗೆ ಹೋಗಿ ಕೂರುತ್ತೆ, ನೀವು ಯಾವ ತುದೀಲಿ ಕೂತಿದ್ರೂ ಟೀವಿ ಕೆಳಗಿಂದಲೇ ಕೇಳುತ್ತೆ, ಜನರ ಗಲಾಟೆ ಎಡಕ್ಕೂ ಬಲಕ್ಕೂ ಬೇರೆ ಬೇರೆ ಮೈಕ್‌ನಿಂದ ಬಂದಿರುತ್ತಲ್ಲ, ಅದು ಒಂದಕ್ಕೊಂದು ಹೊಂದಲ್ಲ, ಹಾಗಾಗಿ ಸುತ್ತಲೂ ಹರಡುತ್ತೆ. ನಡುವಿನ ಸ್ಪೀಕರ್‌ಗೆ ಕಿವಿ ಇಟ್ಟು ಕೇಳಿ, ಬರೀ ಮಾತು. ಹಿಂದಿನದಕ್ಕೆ ಕಿವಿ ಇಟ್ಟು ಕೇಳಿ, ಬರೀ ಗಲಾಟೆ, ಮಾತಿನ ಪಳೆಯುಳಿಕೆ ಅಲ್ಲಲ್ಲಿ ಅಷ್ಟೇ. ಯಾರೂ ಸರೌಂಡ್ ಅಂತ ಮಿಕ್ಸ್ ಮಾಡದೇ ಇರೋ ಸದ್ದಿಂದ ಇಷ್ಟು ಸಿಗುತ್ತೆ ಅಂದ್ರೆ ಮೆಚ್ಚಬೇಕಾದ್ದೇ. ಹಾಗಾಗಿ ಟೀವಿ ಕಾರ್ಯಕ್ರಮ, ಮ್ಯಾಚು, ಸ್ಟೀರಿಯೋ ಸಿನಿಮಾ, ಇವಕ್ಕೆ ಡಾಲ್ಬಿ ಸರೌಂಡ್ ಅಥವಾ ಹಳೇ ರಿಸೀವರ್ ಆದ್ರೆ ಪ್ರೋ ಲಾಜಿಕ್ 2 ಮೂವಿ, ಕಣ್ಣು ಮುಚ್ಚಿ ಹಾಕಿ. ಡಿಟಿಎಸ್‌ನ ನ್ಯೂರಲ್ ಎಕ್ಸ್ ಕೂಡ ಇದೇ ಕೆಲಸ ಮಾಡುತ್ತೆ, ನನ್ನ ಕಿವಿಗೆ ಅದು ಮೇಲಿನ ಸ್ಪೀಕರ್‌ಗೆ ಸ್ವಲ್ಪ ಜಾಸ್ತಿನೇ ತಳ್ಳುತ್ತೆ ಅನ್ಸುತ್ತೆ, ಹೆಲಿಕಾಪ್ಟರ್‌ಗೆ ಚೆಂದ, ಆದ್ರೆ ಒಮ್ಮೊಮ್ಮೆ ಹಿನ್ನೆಲೆ ಸಂಗೀತವೂ ಚಾವಣಿ ಹತ್ತಿ ಕೂರುತ್ತೆ. ಇದು ರುಚಿಯ ಮಾತು, ಜಗಳ ಬೇಡ.

ಹಾಡಿನ ವಿಷಯಕ್ಕೆ ಬಂದ್ರೆ ನಾನು ಸ್ಟೀರಿಯೋ ಪಕ್ಷದವನು. ಎರಡು ಸ್ಪೀಕರ್ ನಡುವೆ ಗಾಯಕ ನಿಂತ ಹಾಗೆ ಭ್ರಮೆ ಹುಟ್ಟಿಸೋಕೆ ಅಂತಲೇ ಮಿಕ್ಸ್ ಮಾಡಿರೋ ಹಾಡನ್ನ ಅಪ್‌ಮಿಕ್ಸ್‌ಗೆ ಹಾಕಿದ್ರೆ ಗಾಯಕನನ್ನ ಎತ್ತಿ ಆ ಅಡ್ಡಡ್ಡ ಮಲಗಿಸಿರೋ ನಡುವಿನ ಸ್ಪೀಕರ್ ಒಳಗೆ ತುರುಕಿದ ಹಾಗಾಗುತ್ತೆ, ಅಗಲ ಹೋಗಿ ದನಿ ಕುಗ್ಗುತ್ತೆ. ಹಾಗಂತ ಸುತ್ತಲೂ ಬೇಕೇ ಬೇಕು ಅನ್ನೋರಿಗೆ ದಾರಿ ಇಲ್ಲದಿಲ್ಲ, ಡಾಲ್ಬಿ ಸರೌಂಡ್‌ನಲ್ಲಿ ಸೆಂಟರ್ ಸ್ಪ್ರೆಡ್ ಅಂತ ಒಂದು ಆಯ್ಕೆ ಇದೆ, ಆನ್ ಮಾಡಿದ್ರೆ ನಡುವಿನ ಸದ್ದನ್ನ ಎಡ ಬಲಕ್ಕೂ ಹಂಚಿ ಅಗಲ ಮಾಡುತ್ತೆ. ಪ್ರೋ ಲಾಜಿಕ್ 2ರ ಮ್ಯೂಸಿಕ್ ಮೋಡ್‌ನಲ್ಲಿ ಸೆಂಟರ್ ವಿಡ್ತ್ ಅಂತಿತ್ತು, ಕೆಲಸ ಹೆಚ್ಚುಕಮ್ಮಿ ಅದೇ. ಮೆನುವಿನ ಒಳಗೆ ಎಲ್ಲೋ ಹೂತಿರುತ್ತೆ, ಹುಡುಕ್ಬೇಕು. ಆರೋ 3ಡಿ ಅನ್ನೋ ಇನ್ನೊಂದು ಸರೌಂಡ್ ಪದ್ಧತಿ ಇರೋ ರಿಸೀವರ್ ಆದ್ರೆ ಅದರ ಆರೋ ಮ್ಯಾಟಿಕ್ ಅಪ್‌ಮಿಕ್ಸನ್ನ ಹಾಡಿಗೆ ಇಷ್ಟಪಡೋರು ತುಂಬಾ ಜನ ಇದ್ದಾರೆ, ಅದೂ ಸರಿ.

ಹಳೇ ಹಾಡಿನಲ್ಲಿ ಮಾತ್ರ ಒಂದು ಮಜಾ ಇದೆ. ಮೋನೋ ರೆಕಾರ್ಡಿಂಗ್ ಅಂದ್ರೆ ಎಡ ಬಲ ಎರಡರಲ್ಲೂ ತದ್ರೂಪು ಒಂದೇ ಸದ್ದು. ಅಪ್‌ಮಿಕ್ಸರ್‌ಗೆ ಒಂದೇ ಥರ ಇರೋದೆಲ್ಲ ನಡುವಿಂದು, ಅಲ್ವಾ, ಹಾಗಾಗಿ ಪೂರ್ತಿ ಹಾಡು, ವಾದ್ಯ, ದನಿ, ಗೆಜ್ಜೆ ಎಲ್ಲ ನಡುವಿನ ಒಂದೇ ಸ್ಪೀಕರ್‌ಗೆ ಹೋಗಿ ಉಳಿದವೆಲ್ಲ ಗಪ್‌ಚಿಪ್. ಸರ್ವೀಸ್‌ನವರಿಗೆ ಫೋನ್ ಮಾಡಿ ನಾಲ್ಕು ಸ್ಪೀಕರ್ ಸತ್ತುಹೋಗಿವೆ ಅಂತ ಗಾಬರಿ ಬೀಳೋರಿದ್ದಾರೆ. ಏನೂ ಸತ್ತಿಲ್ಲ, ಸ್ಟೀರಿಯೋಗೆ ಹಾಕಿ, ಮುಂದಿನ ಎರಡೂ ದೊಡ್ಡ ಸ್ಪೀಕರ್ ಹಾಡುತ್ತವೆ, ದನಿಗೂ ಮೈ ಬರುತ್ತೆ. ಇನ್ನೊಂದು ಕಡೆ ತೀರಾ ಕಮ್ಮಿ ಬಿಟ್‌ರೇಟ್‌ನ ಎಂಪಿ3 ಹಾಡು, ನೂರು ಸಲ ಫಾರ್ವರ್ಡ್ ಆದ ವಿಡಿಯೋ, ಇಂಥದ್ದನ್ನ ಅಪ್‌ಮಿಕ್ಸ್‌ಗೆ ಹಾಕಿದ್ರೆ ಹಿಂದಿನ ಸ್ಪೀಕರ್‌ನಲ್ಲಿ ನೀರೊಳಗೆ ಗುಳುಗುಳು ಅಂದ ಹಾಗೆ ಸದ್ದು ಬರುತ್ತೆ, ಯಾಕಂದ್ರೆ ಕಂಪ್ರೆಸ್ ಮಾಡೋವಾಗ ಎಡಕ್ಕೂ ಬಲಕ್ಕೂ ಇರೋ ವ್ಯತ್ಯಾಸದಲ್ಲೇ ಉಳಿತಾಯ ಮಾಡಿರ್ತಾರೆ, ಹಿಂದಕ್ಕೆ ಹೋಗೋದು ಆ ವ್ಯತ್ಯಾಸವೇ. ಸ್ಟೀರಿಯೋದಲ್ಲಿ ಜೋರು ಸದ್ದಿನ ಮರೇಲಿ ಮುಚ್ಚಿಹೋಗಿದ್ದ ಹುಳುಕು ಇಲ್ಲಿ ಒಂಟಿಯಾಗಿ ಸಿಕ್ಕಿಬೀಳುತ್ತೆ.

ಈಗ ನಿಮ್ಮ ಲೇಖನ ಹೊಗಳಿದ ಎಲ್ಲಾ ಸ್ಪೀಕರ್ ಮೋಡ್‌ಗೆ ಬರ್ತೀನಿ. ಆಲ್ ಚಾನೆಲ್ ಸ್ಟೀರಿಯೋ, ಮಲ್ಟಿ ಚಾನೆಲ್ ಸ್ಟೀರಿಯೋ, ಎಕ್ಸ್‌ಟೆಂಡೆಡ್ ಸ್ಟೀರಿಯೋ, ಹೆಸರು ಏನೇ ಇರ್ಲಿ, ಅದು ಮಾಡೋದು ಎಡದ ಸದ್ದನ್ನ ಎಡಗಡೆಯ ಎಲ್ಲಾ ಸ್ಪೀಕರ್‌ಗೆ, ಬಲದ್ದನ್ನ ಬಲಗಡೆಯ ಎಲ್ಲಾ ಸ್ಪೀಕರ್‌ಗೆ, ಎರಡನ್ನೂ ಕೂಡಿಸಿ ನಡುವಿಗೆ. ಗುಂಪಲ್ಲಿ ಗೋವಿಂದ. ಯಾವುದನ್ನೂ ಬಿಡಿಸಲ್ಲ, ಲೆಕ್ಕ ಹಾಕಲ್ಲ, ಕಾಪಿ ಹೊಡೆಯುತ್ತೆ ಅಷ್ಟೆ. ನಾಯಕಿ ಟೀವಿಯಲ್ಲಿ ಮುಂದೆ ನಿಂತು ಮಾತಾಡ್ತಿದ್ರೆ ಅದೇ ಮಾತು ನಿಮ್ಮ ಬೆನ್ನ ಹಿಂದಿಂದಲೂ ಬರುತ್ತೆ. ನಮ್ಮ ಕಿವಿಗೆ ಮೊದಲು ಬಂದು ಮುಟ್ಟಿದ ಸದ್ದು ಯಾವ ಕಡೆಯದೋ ಅದೇ ದಿಕ್ಕು ಅಂತ ತೀರ್ಮಾನ ಮಾಡೋ ಅಭ್ಯಾಸ ಇದೆ, ಹಾಸ್ ಎಫೆಕ್ಟ್ ಅಂತಾರೆ, ನೀವು ಹಿಂದಿನ ಸ್ಪೀಕರ್‌ಗೆ ಹತ್ತಿರ ಕೂತಿದ್ದು, ಸ್ಪೀಕರ್ ಎಷ್ಟು ದೂರ ಇದೆ ಅಂತ ರಿಸೀವರ್‌ಗೆ ಹೇಳೋ ಡಿಸ್ಟೆನ್ಸ್ ಸೆಟ್ಟಿಂಗೂ ತಪ್ಪಿದ್ರಂತೂ ಮಾತು ಹಿಂದಿಂದಲೇ ಬಂದ ಹಾಗನಿಸುತ್ತೆ. ಪ್ರೋ ಲಾಜಿಕ್ ಕಾಲದಲ್ಲಿ ಇದಕ್ಕೇ ಹಿಂದಿನ ಚಾನೆಲ್‌ಗೆ 15ರಿಂದ 30 ಮಿಲಿಸೆಕೆಂಡ್ ತಡ ಸೇರಿಸ್ತಿದ್ರು, ಸೋರಿದ ಮಾತು ತಡವಾಗಿ ಬಂದ್ರೆ ಕಿವಿ ಅದನ್ನ ಲೆಕ್ಕಕ್ಕೆ ತಗೊಳಲ್ಲ ಅಂತ. ಕಾಪಿ ಹೊಡೆಯೋ ಮೋಡ್‌ನಲ್ಲಿ ಆ ಜಾಣತನ ಯಾವುದೂ ಇಲ್ಲ. ಅದೂ ಅಲ್ದೆ ಒಂದೇ ಸದ್ದು ಬೇರೆ ಬೇರೆ ದೂರದಿಂದ ಸ್ವಲ್ಪ ಹಿಂದೆ ಮುಂದೆ ಬಂದು ಸೇರಿದಾಗ ಕೆಲವು ಫ್ರೀಕ್ವೆನ್ಸಿ ಒಂದನ್ನೊಂದು ತಿಂದು ಕೆಲವು ಉಬ್ಬಿ ದನಿ ಟೊಳ್ಳಾಗುತ್ತೆ, ತಲೆ ಸ್ವಲ್ಪ ಅಲ್ಲಾಡಿಸಿದ್ರೂ ಬಣ್ಣ ಬದಲಾಗುತ್ತೆ.

ಮತ್ಯಾಕೆ ಎಲ್ಲರಿಗೂ ಅದೇ ಇಷ್ಟ ಆಗೋದು ಅಂದ್ರೆ, ಜೋರು. ಎರಡು ಸ್ಪೀಕರ್ ಹಾಡೋ ಜಾಗದಲ್ಲಿ ಐದು ಅಷ್ಟಷ್ಟೇ ಜೋರಾಗಿ ಹಾಡಿದ್ರೆ ಒಟ್ಟು ಶಕ್ತಿ ಎರಡೂವರೆ ಪಟ್ಟು, ಅಂದ್ರೆ ಸುಮಾರು 4 ಡೆಸಿಬಲ್ ಏರಿಕೆ. ಕಿವಿಗೆ ಜೋರಾಗಿರೋದು ಯಾವಾಗ್ಲೂ ಚೆನ್ನಾಗಿದೆ ಅನ್ಸುತ್ತೆ, ಇದು ಮನುಷ್ಯ ಸಹಜ, ಅಂಗಡಿಯವರಿಗೂ ಚೆನ್ನಾಗಿ ಗೊತ್ತು. ಹಾಗಾಗಿ ಎರಡು ಮೋಡ್ ಹೋಲಿಸೋವಾಗ ಸ್ಟೀರಿಯೋದಲ್ಲಿ ವಾಲ್ಯೂಮ್ ಅನ್ನ ನಾಕು ಅಂಕಿ ಏರಿಸಿ ಕೇಳಿ ನೋಡಿ, ಆಮೇಲೆ ಹೇಳಿ ಯಾವುದು ಚೆಂದ ಅಂತ. ಹಾಗಂತ ಈ ಮೋಡ್ ಕೆಲಸಕ್ಕೇ ಬಾರದ್ದು ಅಂತಲ್ಲ, ಮನೆ ತುಂಬ ಜನ ಸೇರಿ ಓಡಾಡ್ತಿದ್ದಾರೆ, ಯಾರೂ ಒಂದು ಕಡೆ ಕೂತಿಲ್ಲ, ಹಾಡು ಎಲ್ಲಾ ಕಡೆ ಸಮ ಕೇಳಿದ್ರೆ ಸಾಕು ಅಂದ್ರೆ ಇದಕ್ಕಿಂತ ಒಳ್ಳೇದಿಲ್ಲ. ಸಿನಿಮಾಗೆ ಬೇಡ ಅಂತಷ್ಟೇ ನನ್ನ ವಾದ. 5.1 ಸಿನಿಮಾ ಓಡ್ತಿರೋವಾಗ ಇದನ್ನ ಹಾಕೋದಂತೂ ಇದ್ದ ಸರೌಂಡನ್ನ ಕೈಯಾರೆ ಕೆಡಿಸಿದ ಹಾಗೆ.

ಜಾಝ್ ಕ್ಲಬ್, ಹಾಲ್, ಸ್ಟೇಡಿಯಂ ಥರದ ಎಫೆಕ್ಟ್‌ಗಳ ಬಗ್ಗೆ ಹೆಚ್ಚು ಹೇಳಲ್ಲ. ಯಮಾಹಾದವರು 1986ರಲ್ಲೇ ಡಿಎಸ್‌ಪಿ 1 ಅಂತ ಒಂದು ಯಂತ್ರ ತಂದು ನಿಜವಾದ ಸಭಾಂಗಣಗಳಲ್ಲಿ ಅಳೆದ ಪ್ರತಿಧ್ವನಿಯನ್ನ ಮನೇಲಿ ಹುಟ್ಟಿಸೋ ಕೆಲಸ ಮಾಡಿದ್ರು, ಅದು ಗೌರವಿಸಬೇಕಾದ ಇಂಜಿನಿಯರಿಂಗೇ. ಆದ್ರೆ ಹಾಡಿನ ರೆಕಾರ್ಡಿಂಗ್‌ನಲ್ಲಿ ಆಗಲೇ ಒಂದು ಹಾಲ್‌ನ ಪ್ರತಿಧ್ವನಿ ಇರುತ್ತೆ, ನಮ್ಮ ಕೋಣೆಯದ್ದೂ ಒಂದಿರುತ್ತೆ, ಅದರ ಮೇಲೆ ಮೂರನೇದು ಸೇರಿದ್ರೆ ಮೂಗಿಗಿಂತ ಮೂಗುತಿ ಭಾರ. ಇಷ್ಟಪಡೋರು ಎಫೆಕ್ಟ್ ಲೆವೆಲ್ ತಗ್ಗಿಸಿ ಇಟ್ಕೊಳ್ಳಲಿ.

ಇದಕ್ಕೆ ವಿರುದ್ಧ ದಿಕ್ಕಲ್ಲಿ ಇನ್ನೊಂದು ಮೂಢನಂಬಿಕೆ ಇದೆ, ಪ್ಯೂರ್ ಡೈರೆಕ್ಟ್ ಅಂದ್ರೆ ಪರಿಶುದ್ಧ, ಅದೇ ಶ್ರೇಷ್ಠ ಅಂತ. ಹೆಸರೇ ಹಾಗಿದೆ ಬಿಡಿ. ಎಷ್ಟೋ ಮಾಡೆಲ್‌ನಲ್ಲಿ ಡೈರೆಕ್ಟ್ ಒತ್ತಿದ ಕೂಡಲೇ ಟೋನ್ ಕಂಟ್ರೋಲ್ ಜೊತೆಗೆ ರೂಂ ಕರೆಕ್ಷನ್ ಕೂಡ ಬೈಪಾಸ್ ಆಗುತ್ತೆ, ಸೆಟಪ್ ಮಾಡೋವಾಗ ಮೈಕ್ ಇಟ್ಟು ಟುಂಯ್ ಟುಂಯ್ ಅಂತ ಅಳೆದಿದ್ರಲ್ಲ, ಆ ಶ್ರಮ ಎಲ್ಲ ಪಕ್ಕಕ್ಕೆ. ಕೆಲವದರಲ್ಲಿ ಬಾಸ್ ಮ್ಯಾನೇಜ್‌ಮೆಂಟೂ ಹೋಗುತ್ತೆ, ಆಗ ಎರಡು ಚಾನೆಲ್ ಹಾಡಿನಲ್ಲಿ ಸಬ್‌ವೂಫರ್ ಪೂರ್ತಿ ಬಾಯಿ ಮುಚ್ಚುತ್ತೆ, ಯಾಕಂದ್ರೆ ಸ್ಟೀರಿಯೋದಲ್ಲಿ ಎಲ್‌ಎಫ್‌ಇ ಅನ್ನೋದೇ ಇಲ್ಲ, ಅದಕ್ಕೆ ಬರ್ತಿದ್ದದ್ದು ಸಾಮಾನ್ಯವಾಗಿ 80 ಹರ್ಟ್ಸ್‌ನ ಕ್ರಾಸ್‌ಓವರ್‌ಗಿಂತ ಕೆಳಗಿಂದು ಅಂತ ರಿಸೀವರ್ ತಿರುಗಿಸಿ ಕೊಡ್ತಿದ್ದ ಪಾಲು. ಮುಂದಿನ ಸ್ಪೀಕರ್ ಆಳೆತ್ತರದ ಟವರ್ ಆಗಿದ್ರೆ ಸರಿ, ಪುಸ್ತಕದ ಕಪಾಟಲ್ಲಿ ಇಡೋ ಚಿಕ್ಕವಾದ್ರೆ ಡೈರೆಕ್ಟ್‌ಗಿಂತ ಸ್ಟೀರಿಯೋ ಮೋಡ್ ಎಷ್ಟೋ ಮೇಲು.

ಮಾತು ಕೇಳ್ಸಲ್ಲ, ಫೈಟ್ ಬಂದ್ರೆ ಕಿವಿ ಹರಿದುಹೋಗುತ್ತೆ ಅನ್ನೋ ದೂರಿಗೂ ಜನ ಮೋಡ್ ಬದಲಾಯಿಸೋದರಲ್ಲೇ ಔಷಧ ಹುಡುಕ್ತಾರೆ, ಅದು ಅಲ್ಲಿಲ್ಲ. 5.1ರಲ್ಲಿ ಮಾತು ಹೆಚ್ಚಾಗಿ ನಡುವಿನ ಚಾನೆಲ್‌ನಲ್ಲೇ ಇರುತ್ತೆ, ಸ್ಪೀಕರ್ ಲೆವೆಲ್‌ಗೆ ಹೋಗಿ ಅದೊಂದನ್ನೇ ಎರಡು ಮೂರು ಡೆಸಿಬಲ್ ಏರಿಸಿದ್ರೆ ಆಯ್ತು. ಥಿಯೇಟರ್ ಲೆಕ್ಕದಲ್ಲಿ ಒಂದು ಚಾನೆಲ್ 105 ಡೆಸಿಬಲ್ ತನಕ, ಎಲ್‌ಎಫ್‌ಇ 115ರ ತನಕ ಏರೋಕೆ ಜಾಗ ಬಿಟ್ಟು ಮಿಕ್ಸ್ ಮಾಡಿರ್ತಾರೆ, ಮನೇಲಿ ಅಷ್ಟು ಜೋರಾಗಿ ಯಾರೂ ಇಡಲ್ಲ, ಇಡೀ ಸದ್ದನ್ನ ತಗ್ಗಿಸಿದಾಗ ಮೊದಲು ಮುಳುಗೋದು ಪಿಸುಮಾತು. ರಾತ್ರಿ ಹೊತ್ತು ಡೈನಾಮಿಕ್ ರೇಂಜ್ ಕಂಪ್ರೆಷನ್ ಅಥವಾ ನೈಟ್ ಮೋಡ್ ಹಾಕಿದ್ರೆ ಜೋರಿರೋದು ತಗ್ಗಿ ಮೆಲ್ಲಗಿರೋದು ಮೇಲೇಳುತ್ತೆ, ಇದು ಸೌಂಡ್ ಮೋಡ್‌ಗೆ ಸಂಬಂಧ ಇಲ್ಲದ ಬೇರೆ ಸೆಟ್ಟಿಂಗು, ಬಹಳಷ್ಟು ಮೋಡ್‌ಗಳ ಜೊತೆ ಹಾಕ್ಬಹುದು.

ಅಟ್ಮಾಸ್ ಬಗ್ಗೆ ಒಂದೇ ಮಾತು. ಡಿಸ್‌ಪ್ಲೇ ಮೇಲೆ ಅಟ್ಮಾಸ್ ಅಂತ ಬಂದ್ರೆ ಸಿಗ್ನಲ್ ಬಂದಿದೆ ಅಂತಷ್ಟೇ ಅರ್ಥ, ಮೇಲೆ ಸ್ಪೀಕರ್ ಇಲ್ದೇ ಇದ್ರೆ ರಿಸೀವರ್ ಅದನ್ನ ಇರೋ ಸ್ಪೀಕರ್‌ಗೆ ಹೊಂದಿಸಿ ಕೊಡುತ್ತೆ, ಅದರಿಂದ ನಷ್ಟ ಏನಿಲ್ಲ. ಹೈಟ್ ವರ್ಚುವಲೈಸರ್, ವರ್ಚುವಲ್ ಎಕ್ಸ್ ಅಂತ ಇರೋ ಸ್ಪೀಕರ್‌ನಿಂದಲೇ ಮೇಲಿನ ಭ್ರಮೆ ಹುಟ್ಟಿಸೋವೂ ಇವೆ, ಸರಿಯಾಗಿ ನಡುವೆ ಕೂತ ಒಬ್ಬರಿಗೆ ಪರವಾಗಿಲ್ಲ, ಪಕ್ಕದಲ್ಲಿ ಕೂತೋರಿಗೆ ಅಷ್ಟಕ್ಕಷ್ಟೇ. ಗೇಮ್ ಆಡೋ ಹುಡುಗರು ಕನ್ಸೋಲ್‌ನಲ್ಲಿ ಹೆಡ್‌ಫೋನ್‌ಗೆ ಅಂತ ಇರೋ 3ಡಿ ಸೌಂಡ್ ಆನ್ ಮಾಡಿಟ್ಟು ಅದನ್ನ ರಿಸೀವರ್‌ನಲ್ಲಿ ಮತ್ತೆ ಅಪ್‌ಮಿಕ್ಸ್ ಮಾಡ್ಬಾರ್ದು, ಒಮ್ಮೆ ಬೇಯಿಸಿದ್ದನ್ನ ಮತ್ತೆ ಬೇಯಿಸಿದ ಹಾಗೆ. ಕನ್ಸೋಲ್‌ನಲ್ಲಿ 5.1 ಅಥವಾ 7.1 ಅಂತ ಇಟ್ಟು ರಿಸೀವರ್ ಸ್ಟ್ರೈಟ್‌ನಲ್ಲಿದ್ರೆ ಹೆಜ್ಜೆ ಸದ್ದು ಯಾವ ಕಡೆಯಿಂದ ಬಂತು ಅಂತ ಸರಿಯಾಗಿ ತಿಳಿಯುತ್ತೆ.

ಇಷ್ಟೆಲ್ಲ ಯಾರಿಗೆ ಪುರುಸೊತ್ತಿದೆ, ದಿನಾ ರಿಮೋಟ್ ಹಿಡ್ಕೊಂಡು ಕೂರ್ಬೇಕಾ ಅಂತ ಕೇಳೋರು ಇರ್ತಾರೆ. ಬೇಕಾಗಿಲ್ಲ. ಬಹಳಷ್ಟು ರಿಸೀವರ್‌ಗಳು ಒಂದೊಂದು ಇನ್‌ಪುಟ್‌ಗೂ ಕೊನೇ ಸಲ ಯಾವ ಮೋಡ್ ಹಾಕಿದ್ರೋ ಅದನ್ನ ನೆನಪಿಟ್ಕೊಳ್ತವೆ, ಕೆಲವಂತೂ ಅದೇ ಇನ್‌ಪುಟ್‌ನಲ್ಲಿ ಎರಡು ಚಾನೆಲ್ ಬಂದ್ರೆ ಒಂದು, 5.1 ಬಂದ್ರೆ ಇನ್ನೊಂದು ಅಂತ ಬೇರೆ ಬೇರೆ ನೆನಪಿಡ್ತವೆ. ಒಂದು ಸಂಜೆ ಕೂತು ಸ್ಟೀರಿಯೋ ಕಾರ್ಯಕ್ರಮ ಓಡ್ತಿರೋವಾಗ ಡಾಲ್ಬಿ ಸರೌಂಡ್, 5.1 ಸಿನಿಮಾ ಓಡ್ತಿರೋವಾಗ ಸ್ಟ್ರೈಟ್, ಹಾಡು ಕೇಳೋ ಇನ್‌ಪುಟ್‌ಗೆ ಸ್ಟೀರಿಯೋ ಅಂತ ಹಾಕಿಟ್ರೆ ಆಮೇಲೆ ಅದೇ ನೋಡ್ಕೊಳ್ಳುತ್ತೆ. ಟೀವಿಯೊಳಗಿನ ಆ್ಯಪ್‌ಗಳೆಲ್ಲ ಒಂದೇ ಇನ್‌ಪುಟ್‌ನಲ್ಲಿ ಬರೋದ್ರಿಂದ ಅಲ್ಲಿ ಮಾತ್ರ ಹಾಡಿಗೂ ಸಿನಿಮಾಗೂ ಒಮ್ಮೊಮ್ಮೆ ಕೈಯಲ್ಲೇ ಬದಲಾಯಿಸ್ಬೇಕಾಗುತ್ತೆ.

ಕೊನೇದಾಗಿ ನಿಮ್ಮಲ್ಲಿ ಒಂದು ಕೇಳಿಕೆ. ಮುಂದಿನ ಸಲ ರಿಸೀವರ್ ಬಗ್ಗೆ ಬರೆಸೋವಾಗ ವಾಟ್ ಎಷ್ಟು, ಸ್ಪೀಕರ್ ಎಷ್ಟು ಅನ್ನೋದರ ಜೊತೆಗೆ ಇನ್‌ಪುಟ್ ಸಿಗ್ನಲ್ ಎಲ್ಲಿ ನೋಡ್ಬೇಕು, ಟೀವಿಯ ಪಿಸಿಎಂ ಸೆಟ್ಟಿಂಗ್ ಎಲ್ಲಿರುತ್ತೆ ಅನ್ನೋದನ್ನ ಒಂದು ಚಿಕ್ಕ ಚೌಕಟ್ಟಲ್ಲಿ ಫೋಟೋ ಸಮೇತ ಹಾಕಿ. ಹಾಗೇ ಎಲ್ಲಾ ಸ್ಪೀಕರ್ ಮೋಡ್ ಬಗ್ಗೆ ಬರೆದಿದ್ದಕ್ಕೆ ಒಂದು ತಿದ್ದುಪಡಿ ಬಂದ್ರೆ ಇನ್ನೂ ಸಂತೋಷ.

ಇಂತಿ ನಿಮ್ಮ ಪತ್ರಿಕೆಯ ಓದುಗ